ಮಂಗಳವಾರದ ಟೇಪು, ನಾಟಕದ ಹಾಡು

ಎಲ್ವಿಸ್ ಪ್ರೀಸ್ಲಿ, ಜಾನಿ ಕ್ಯಾಶ್, ಕಾರ್ಲ್ ಪರ್ಕಿನ್ಸ್, ಜೆರ್ರಿ ಲೀ ಲೂಯಿಸ್ ಎಂಬ ನಾಲ್ವರು ಅಮೆರಿಕನ್ ಹಾಡುಗಾರರು ಒಂದು ಮಧ್ಯಾಹ್ನ ಒಟ್ಟಿಗೆ ಸೇರಿದ ಕಥೆ ‘ಮಿಲಿಯನ್ ಡಾಲರ್ ಕ್ವಾರ್ಟೆಟ್’ ಎಂಬ ಮ್ಯೂಸಿಕಲ್ ನಾಟಕದ್ದು. ಅದರಲ್ಲಿ ನಟರೇ ಹಾಡುತ್ತಾರೆ, ನಟರೇ ನುಡಿಸುತ್ತಾರೆ. ಪರದೆಯ ಹಿಂದೆ ಯಾವ ವಾದ್ಯಗೋಷ್ಠಿಯೂ ಇಲ್ಲ. ಜೆರ್ರಿ ಲೀ ಲೂಯಿಸ್ ಪಾತ್ರಧಾರಿಯ ಬೆರಳು ನಿಂತರೆ ಪಿಯಾನೋ ಸದ್ದೂ ನಿಲ್ಲುತ್ತದೆ. ಕಾರ್ಲ್ ಪರ್ಕಿನ್ಸ್ ಆಗಿ ಬಂದವನು ಲೀಡ್ ಗಿಟಾರ್ ನುಡಿಸಲೇಬೇಕು. ಇದು ಸಣ್ಣ ವಿಷಯ ಅಲ್ಲ. ಮುಖ ಹೋಲಬೇಕು, ದನಿ ಹೋಲಬೇಕು, ನಟನೆ ಬರಬೇಕು, ಇದರ ಮೇಲೆ ವಾದ್ಯವೂ ಕೈಯಲ್ಲಿ ಪಳಗಿರಬೇಕು. 2010ರಲ್ಲಿ ನಾಟಕ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಗೆ ಬಂದಾಗ ಎಲ್ವಿಸ್ ಪ್ರೀಸ್ಲಿ ಪಾತ್ರ ಮಾಡಿದ ಎಡ್ಡಿ ಕ್ಲೆಂಡೆನಿಂಗ್ ನಾಟಕದವನಿಗಿಂತ ಹೆಚ್ಚಾಗಿ ರಾಕಬಿಲಿ, ಅಂದರೆ ಕಂಟ್ರಿ ಬೆರೆತ ರಾಕ್ ಅಂಡ್ ರೋಲ್, ಹಾಡುಗಾರ. ಜೆರ್ರಿ ಲೀ ಆಗಿ ಪಿಯಾನೋ ಮುಂದೆ ಕೂತ ಲೆವಿ ಕ್ರೈಸ್‌ಗೆ ಆ ವರ್ಷ ರಂಗಭೂಮಿಯ ಟೋನಿ ಪ್ರಶಸ್ತಿ ಸಿಕ್ಕಿತು.

ನಾನು ನೋಡಿದ್ದು ಬ್ರಾಡ್‌ವೇಯಲ್ಲಿ ಅಲ್ಲ, ಶಿಕಾಗೋದ ಅಪೋಲೋ ಥಿಯೇಟರ್‌ನಲ್ಲಿ. ಅಲ್ಲಿ 2008ರಿಂದ 2016ರ ಜನವರಿವರೆಗೆ ಈ ನಾಟಕ ನಡೆಯಿತು. ಥಿಯೇಟರ್ ಚಿಕ್ಕದು, ಹಾಗಾಗಿ ಡ್ರಮ್ಮಿನ ಹೊಡೆತ ಎದೆಗೇ ಬಡಿಯುತ್ತದೆ. ಮಧ್ಯಂತರ ಇಲ್ಲ. ಒಂದೂವರೆ ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ. ಕೊನೆಗೆ ಎಲ್ಲರೂ ಮಿರಿಮಿರಿ ಮಿಂಚುವ ಕೋಟು ಹಾಕಿಕೊಂಡು ಬಂದು ಮತ್ತೆ ಹಾಡಿದರು. ಇಡೀ ಸಭಾಂಗಣ ಎದ್ದು ನಿಂತಿತ್ತು, ನಾನೂ ನಿಂತಿದ್ದೆ.

ಅದಾದ ಮೇಲೆ ಈ ನಾಟಕಕ್ಕೆ ಮೂಲವಾದ ಟೇಪನ್ನು ಕೇಳಲು ಶುರು ಮಾಡಿದೆ. ಈಗಲೂ ಕೇಳುತ್ತಿರುತ್ತೇನೆ. ನಾಟಕ ಮತ್ತು ಟೇಪು ಒಂದೇ ಮಧ್ಯಾಹ್ನದ ಕಥೆ ಹೇಳುತ್ತವೆ, ಆದರೆ ಎರಡರಲ್ಲೂ ಇರುವ ಹುಡುಗರು ಬೇರೆ ಬೇರೆ.

ಆ ಮಧ್ಯಾಹ್ನ 1956ರ ಡಿಸೆಂಬರ್ 4, ಮಂಗಳವಾರ. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ಪಟ್ಟಣ. 706, ಯೂನಿಯನ್ ಅವೆನ್ಯೂ. ಸ್ಯಾಮ್ ಫಿಲಿಪ್ಸ್ ನಡೆಸುತ್ತಿದ್ದ ಸನ್ ರೆಕಾರ್ಡ್ಸ್ ಎಂಬ ಸಣ್ಣ ರೆಕಾರ್ಡ್ ಕಂಪನಿಯ ಸ್ಟುಡಿಯೋ. ಮುಂದೆ ಒಂದು ಪುಟ್ಟ ಆಫೀಸು, ನಡುವೆ ಹಾಡುವ ಕೋಣೆ, ಹಿಂದೆ ಕಂಟ್ರೋಲ್ ರೂಮ್. ಅಷ್ಟೇ ಜಾಗ. ಅವತ್ತು ಅಲ್ಲಿ ನಿಜವಾಗಿ ಕೆಲಸ ಇದ್ದದ್ದು ಕಾರ್ಲ್ ಪರ್ಕಿನ್ಸ್‌ಗೆ. ಅಣ್ಣ ಜೇ, ತಮ್ಮ ಕ್ಲೇಟನ್, ಡ್ರಮ್ಮರ್ ಡಬ್ಲ್ಯೂ. ಎಸ್. ಹಾಲೆಂಡ್ ಜೊತೆ ಹೊಸ ಹಾಡು ರೆಕಾರ್ಡ್ ಮಾಡಲು ಬಂದಿದ್ದ. ಪಿಯಾನೋಗೆ ಅಂತ ಫಿಲಿಪ್ಸ್ ಒಬ್ಬ ಹೊಸ ಹುಡುಗನನ್ನು ಕೂರಿಸಿದ್ದ. ಕೂಲಿ 15 ಡಾಲರ್ ಅನ್ನುತ್ತಾರೆ. ಅವನೇ ಜೆರ್ರಿ ಲೀ ಲೂಯಿಸ್. ಅವನ ಮೊದಲ ರೆಕಾರ್ಡ್ ಆಗಷ್ಟೇ ಅಂಗಡಿಗೆ ಬಂದಿತ್ತು. ಮೆಂಫಿಸ್ ಆಚೆ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಎಲ್ವಿಸ್ ಸುಮ್ನೆ ಹಾಗೇ ಬಂದ. ಲಾಸ್ ವೇಗಸ್‌ನಲ್ಲಿ ಪರಿಚಯವಾಗಿದ್ದ ಗೆಳತಿಯೂ ಜೊತೆಗಿದ್ದಳು. ಒಂದು ವರ್ಷದ ಹಿಂದೆ ಇದೇ ಸ್ಟುಡಿಯೋದ ಹುಡುಗನಾಗಿದ್ದವನು ಈಗ ಅಮೆರಿಕದಲ್ಲೇ ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದ ಹಾಡುಗಾರ. ಜಾನಿ ಕ್ಯಾಶ್ ಕೂಡ ಇದ್ದ. ಪರ್ಕಿನ್ಸ್‌ನ ರೆಕಾರ್ಡಿಂಗ್ ಅಲ್ಲಿಗೆ ನಿಂತಿತು. ಹರಟೆ ಶುರುವಾಯಿತು, ಹರಟೆಯ ನಡುವೆ ಹಾಡು. ಕಂಟ್ರೋಲ್ ರೂಮಿನಲ್ಲಿದ್ದ ಜ್ಯಾಕ್ ಕ್ಲೆಮೆಂಟ್ ಟೇಪ್ ಓಡಲು ಬಿಟ್ಟ. ಫಿಲಿಪ್ಸ್ ತಲೆ ಇನ್ನೊಂದು ಕಡೆ ಓಡಿತು. ಮೆಂಫಿಸ್‌ನ ‘ಪ್ರೆಸ್-ಸಿಮಿಟರ್’ ಪತ್ರಿಕೆಗೆ ಫೋನ್ ಮಾಡಿದ. ಪತ್ರಕರ್ತ ಬಾಬ್ ಜಾನ್ಸನ್ ಫೋಟೋಗ್ರಾಫರ್ ಜೊತೆ ಬಂದ. ಮಾರನೇ ದಿನ ಪತ್ರಿಕೆಯಲ್ಲಿ ಈ ನಾಲ್ವರಿಗೆ ‘ಮಿಲಿಯನ್ ಡಾಲರ್ ಕ್ವಾರ್ಟೆಟ್’, ಅಂದರೆ ಹತ್ತು ಲಕ್ಷ ಡಾಲರಿನ ನಾಲ್ವರ ತಂಡ, ಅಂತ ಹೆಸರು ಬಿತ್ತು.

ಪತ್ರಿಕೆಯ ಸುದ್ದಿ ಉಳಿಯಿತು, ಫೋಟೋ ಉಳಿಯಿತು. ಟೇಪು ಮಾತ್ರ ಕಪಾಟಿನಲ್ಲಿ ಕೂತಿತು. ಎಲ್ವಿಸ್ ಆಗ ಆರ್‌ಸಿಎ ಎಂಬ ದೊಡ್ಡ ರೆಕಾರ್ಡ್ ಕಂಪನಿಯವನು. ಅವನ ದನಿಯನ್ನು ಸನ್ ಮಾರುವ ಹಾಗಿರಲಿಲ್ಲ. 1969ರಲ್ಲಿ ಶೆಲ್ಬಿ ಸಿಂಗಲ್ಟನ್ ಎಂಬಾತ ಸನ್ ಕಂಪನಿಯನ್ನು ಕೊಂಡ. ಟೇಪಿನ ಒಂದು ಭಾಗ ಯುರೋಪಿನಲ್ಲಿ ಹೊರಬಂದದ್ದು 1981ರಲ್ಲಿ. ಅಷ್ಟು ಹೊತ್ತಿಗೆ ಎಲ್ವಿಸ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಟೇಪಿನಲ್ಲಿ ಏನಿದೆ? ನಾಟಕ ನೋಡಿದವರು ಅಂದುಕೊಳ್ಳುವುದೇ ಬೇರೆ. ನಾಟಕದಲ್ಲಿ ಒಬ್ಬೊಬ್ಬರೂ ಮುಂದೆ ಬಂದು ತಮ್ಮ ತಮ್ಮ ಜನಪ್ರಿಯ ಹಾಡು ಹಾಡುತ್ತಾರೆ. ಟೇಪಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬಹುಪಾಲು ಇರುವುದು ಚರ್ಚಿನ ಹಾಡುಗಳು. ಅವು ಬಿಟ್ಟರೆ ಹಳ್ಳಿಗಾಡಿನ ಕಂಟ್ರಿ ಹಾಡುಗಳು, ಚಕ್ ಬೆರ್ರಿ ಎಂಬ ಕಪ್ಪು ಗಾಯಕನ ಒಂದು ಹಾಡು, ಬೇರೆಯವರ ತುಣುಕುಗಳು. ಯಾರೋ ಒಬ್ಬ ಸಾಲು ಎತ್ತುತ್ತಾನೆ. ಇನ್ನೊಬ್ಬ ಕೆಳದನಿಯಲ್ಲಿ ಸೇರುತ್ತಾನೆ, ಮತ್ತೊಬ್ಬ ಮೇಲಿನ ದನಿ ಹಿಡಿಯುತ್ತಾನೆ. ಊರಿನ ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟರೆ ಉಳಿದವರು ಕೇಳದೆಯೇ ಸೇರಿಕೊಳ್ಳುತ್ತಾರಲ್ಲ, ಹಾಗೆ. ಸಾಲು ಮರೆತರೆ ನಗುತ್ತಾರೆ, ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ. ಬಾಗಿಲು ತೆಗೆದ ಸದ್ದು, ಯಾರೋ ಬಂದರು, ಯಾರೋ ಹೋದರು, ಎಲ್ಲ ಕೇಳುತ್ತದೆ.

ಆಗ ಎಲ್ವಿಸ್ ಮತ್ತು ಜೆರ್ರಿ ಲೀಗೆ 21 ವರ್ಷ, ಕ್ಯಾಶ್ ಮತ್ತು ಪರ್ಕಿನ್ಸ್‌ಗೆ 24. ನಾಲ್ವರೂ ಬಡವರ ಮನೆ ಮಕ್ಕಳು. ಪರ್ಕಿನ್ಸ್‌ನ ಅಪ್ಪ ಬೇರೆಯವರ ಹೊಲ ಗೇಯುವ ಗೇಣಿದಾರ. ಕ್ಯಾಶ್ ಬೆಳೆದದ್ದು ಆರ್ಕನ್ಸಾದ ಡೈಸ್ ಎಂಬ ಹಳ್ಳಿಯಲ್ಲಿ, ಹತ್ತಿ ಬಿಡಿಸುತ್ತಾ. ಇವರ ಮೊದಲ ಸಂಗೀತದ ಪಾಠಶಾಲೆ ಚರ್ಚು. ಎಲ್ವಿಸ್‌ಗೆ ಹದಿಹರೆಯದಲ್ಲಿ ಇದ್ದ ದೊಡ್ಡ ಆಸೆ ಗಾಸ್ಪೆಲ್, ಅಂದರೆ ಚರ್ಚಿನ ಹಾಡು, ಹಾಡುವ ಒಂದು ತಂಡಕ್ಕೆ ಸೇರುವುದು. ಹಾಡಿ ತೋರಿಸಿದ, ಅವರು ತೆಗೆದುಕೊಳ್ಳಲಿಲ್ಲ. ಜೆರ್ರಿ ಲೀಯನ್ನು ಟೆಕ್ಸಸ್‌ನ ಬೈಬಲ್ ಶಾಲೆಯಿಂದ ಹೊರಗೆ ಹಾಕಿದ್ದು ದೇವರ ಹಾಡನ್ನು ಬೂಗಿ-ವೂಗಿ ಎಂಬ ಕುಣಿತದ ಲಯದಲ್ಲಿ ನುಡಿಸಿದ್ದಕ್ಕೆ. ಕ್ಯಾಶ್ ಫಿಲಿಪ್ಸ್ ಹತ್ತಿರ ಮೊದಲು ಬಂದದ್ದೇ ಗಾಸ್ಪೆಲ್ ಹಾಡುತ್ತೇನೆ ಅಂತ. ಅದು ಮಾರಾಟವಾಗಲ್ಲ, ಬೇರೆ ಏನಾದರೂ ತಾ ಅಂದ ಫಿಲಿಪ್ಸ್.

ಹಾಗೆ ಮಾರಾಟವಾಗದ ಹಾಡುಗಳೇ ಆ ಮಂಗಳವಾರ ತಾವಾಗಿ ಬಾಯಿಗೆ ಬಂದವು. ಯಾರೂ ಕೊಳ್ಳುವವರಿಲ್ಲ, ಕೇಳುವವರೂ ಇಲ್ಲ ಅನ್ನುವಾಗ ಮನುಷ್ಯ ಏನು ಹಾಡುತ್ತಾನೋ ಅದು ಟೇಪಿನಲ್ಲಿದೆ. ನನಗೆ ಅದರ ಬೆಲೆ ಇರುವುದು ಇಲ್ಲೇ. ರಾಕ್ ಅಂಡ್ ರೋಲ್ ಅಂದರೆ ಚರ್ಚಿಗೆ ಬೆನ್ನು ತಿರುಗಿಸಿದ ಪುಂಡರ ಸಂಗೀತ ಅಂತ ಆಗ ಎಷ್ಟೋ ಪಾದ್ರಿಗಳು ಗುಡುಗಿದರು. ಈ ನಾಲ್ವರಲ್ಲಿ ಯಾರೂ ಬೆನ್ನು ತಿರುಗಿಸಿರಲಿಲ್ಲ. ಜೆರ್ರಿ ಲೀಗಂತೂ ತಾನು ಹಾಡುತ್ತಿರುವುದು ಪಾಪ ಅನ್ನುವ ಭಯ ಜೀವನವಿಡೀ ಕಾಡಿತು. 1957ರಲ್ಲಿ ಇದೇ ಸ್ಟುಡಿಯೋದಲ್ಲಿ, ರೆಕಾರ್ಡಿಂಗ್ ಮಧ್ಯೆ, ಅವನು ಫಿಲಿಪ್ಸ್ ಜೊತೆ ನರಕದ ಬಗ್ಗೆ ಜಗಳಕ್ಕೇ ಇಳಿದ. ಆ ಜಗಳದ ಟೇಪೂ ಉಳಿದಿದೆ.

ಇನ್ನೊಂದು ಸಂಗತಿ ನನ್ನನ್ನು ಬಿಡದೆ ಹಿಡಿದಿದೆ. ನಾಲ್ವರೂ ಒಡಹುಟ್ಟಿದವರನ್ನು ಕಳೆದುಕೊಂಡವರು. ಎಲ್ವಿಸ್‌ನ ಅವಳಿ ಜೆಸ್ಸಿ ಹುಟ್ಟುವಾಗಲೇ ಜೀವ ಇರಲಿಲ್ಲ. ಕ್ಯಾಶ್‌ನ ಅಣ್ಣ ಜ್ಯಾಕ್ 1944ರಲ್ಲಿ ಗರಗಸದ ಯಂತ್ರಕ್ಕೆ ಸಿಕ್ಕಿ ತೀರಿಕೊಂಡ. ಜೆರ್ರಿ ಲೀಯ ಅಣ್ಣ ಎಲ್ಮೊ ಕುಡುಕನೊಬ್ಬ ಓಡಿಸುತ್ತಿದ್ದ ವಾಹನಕ್ಕೆ ಬಲಿಯಾದ. ಪರ್ಕಿನ್ಸ್‌ನ ಅಣ್ಣ ಜೇ ಆ ಮಂಗಳವಾರ ಕೋಣೆಯಲ್ಲೇ ಇದ್ದ, ಗಿಟಾರ್ ಹಿಡಿದು. ಎರಡು ವರ್ಷದಲ್ಲಿ, 1958ರಲ್ಲಿ, ಮೆದುಳಿನ ಗೆಡ್ಡೆ ಅವನನ್ನೂ ತೆಗೆದುಕೊಂಡು ಹೋಯಿತು. ದಣಿದ ಜೀವಕ್ಕೆ ಒಂದು ದಿನ ಕಣಿವೆಯಲ್ಲಿ ಶಾಂತಿ ಸಿಗುತ್ತದೆ ಅನ್ನುವ ಹಾಡನ್ನು ಈ ಹುಡುಗರು ಅಷ್ಟು ಮನಸ್ಸಿಟ್ಟು ಹಾಡುವುದನ್ನು ಕೇಳುವಾಗ ಇದೆಲ್ಲ ನೆನಪಿಗೆ ಬಂದೇ ಬರುತ್ತದೆ.

ನಾಟಕದಲ್ಲಿಯೂ ಎರಡು ಕಡೆ ಅವರು ಗಾಸ್ಪೆಲ್ ಹಾಡುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರದರ್ಶನದಲ್ಲಿ ಅತ್ಯುತ್ತಮವಾದ ಭಾಗ ಅದೇ. ಅಷ್ಟು ಹೊತ್ತು ಒಬ್ಬರನ್ನೊಬ್ಬರು ಕೆಣಕುತ್ತಿದ್ದ ನಾಲ್ವರ ದನಿಗಳು ಒಂದಾಗುತ್ತವೆ. ಪೈಪೋಟಿ ಇಲ್ಲ, ಮೆರೆದಾಟ ಇಲ್ಲ. ಅದು ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು.

ಟೇಪಿನಲ್ಲಿ ನನಗೆ ತುಂಬ ಇಷ್ಟವಾದ ಜಾಗ ಬೇರೆ ಇದೆ. ಎಲ್ವಿಸ್ ಲಾಸ್ ವೇಗಸ್‌ನಲ್ಲಿ ಕೇಳಿದ ಒಬ್ಬ ಹಾಡುಗಾರನ ಕಥೆ ಹೇಳುತ್ತಾನೆ. ಬಿಲ್ಲಿ ವಾರ್ಡ್ ಮತ್ತು ಡಾಮಿನೋಸ್ ಎಂಬ ಕಪ್ಪು ಗಾಯಕರ ತಂಡ. ಅದರಲ್ಲೊಬ್ಬ ಎಲ್ವಿಸ್‌ನ ‘ಡೋಂಟ್ ಬಿ ಕ್ರೂಯಲ್’ ಹಾಡುತ್ತಾನೆ. ತನ್ನ ರೆಕಾರ್ಡಿಗಿಂತ ಅವನೇ ಎಷ್ಟೋ ಚೆನ್ನಾಗಿ ಹಾಡಿದ ಅಂತ ಎಲ್ವಿಸ್ ಬಾಯಿ ತುಂಬ ಹೊಗಳುತ್ತಾನೆ. ಮತ್ತೆ ಮತ್ತೆ ಹೋಗಿ ಕೇಳಿದೆ ಅನ್ನುತ್ತಾನೆ. ಹೆಸರು ಗೊತ್ತಿಲ್ಲ. ಆಮೇಲೆ ಅವನ ಹಾಗೇ ಹಾಡಿ ತೋರಿಸುತ್ತಾನೆ. ಟೆಲಿಫೋನ್ ಅನ್ನುವ ಪದವನ್ನು ಅವನು ಹೇಗೆ ಎಳೆದ, ಕೊನೆಯನ್ನು ಹೇಗೆ ನಿಧಾನ ಮಾಡಿದ, ಕಾಲು ಹೇಗೆ ಆಡಿಸಿದ ಅನ್ನುವುದನ್ನೂ ಬಿಡುವುದಿಲ್ಲ. ಆ ಹಾಡುಗಾರ ಜ್ಯಾಕಿ ವಿಲ್ಸನ್. ಮುಂದೆ ಅವನೇ ದೊಡ್ಡ ತಾರೆಯಾದ.

ಯೋಚಿಸಿ ನೋಡಿ. ಆ ವರ್ಷ ಅಮೆರಿಕದ ತುಂಬ ಜನ ಎಲ್ವಿಸ್‌ನನ್ನು ಅನುಕರಿಸುತ್ತಿದ್ದರು. ಎಲ್ವಿಸ್ ಮಾತ್ರ ಆ ಕೋಣೆಯಲ್ಲಿ ಕೂತು, ತನ್ನನ್ನು ಮೀರಿಸಿದವನನ್ನು ಅನುಕರಿಸುತ್ತಿದ್ದ. ಮುಂದಿನ ತಿಂಗಳು, 1957ರ ಜನವರಿ 6ರಂದು, ಎಡ್ ಸಲಿವನ್‌ನ ಟಿವಿ ಕಾರ್ಯಕ್ರಮದಲ್ಲಿ ಅದೇ ಹಾಡು ಹಾಡಿದಾಗ ವಿಲ್ಸನ್‌ನ ಆ ಟೆಲಿಫೋನ್ ಉಚ್ಚಾರವನ್ನೂ ಜೊತೆಗೆ ಒಯ್ದಿದ್ದ. ಕೋಟ್ಯಂತರ ಜನ ನೋಡಿದರು. ಅದು ಯಾರಿಂದ ಬಂತು ಅಂತ ತಿಳಿದವರು ಎಷ್ಟು ಜನ?

ಕೊನೆಗೆ ಜೆರ್ರಿ ಲೀ ಪಿಯಾನೋ ಮುಂದೆ ಬರುತ್ತಾನೆ. ಇಷ್ಟು ಹೊತ್ತು ತಪ್ಪು ಮನುಷ್ಯ ಇಲ್ಲಿ ಕೂತಿದ್ದ ಅಂತ ಎಲ್ವಿಸ್ ಹೇಳುವುದು ಕೇಳಿಸುತ್ತದೆ. ನಾನೂ ಆಗಿನಿಂದ ಅದನ್ನೇ ಹೇಳೋಣ ಅಂತಿದ್ದೆ, ಸರಿ ಆ ಕಡೆ ಅಂತಾನೆ ಜೆರ್ರಿ ಲೀ. ಮೂರು ದಿನದ ಹಿಂದೆ ಮೊದಲ ರೆಕಾರ್ಡ್ ಬಂದ ಹುಡುಗ, ಎಲ್ವಿಸ್ ಪ್ರೀಸ್ಲಿಗೆ! ಜೆರ್ರಿ ಲೀ ಎಂಥವನು ಅಂತ ಹೇಳಲು ಇದಕ್ಕಿಂತ ಒಳ್ಳೆಯ ಮಾತು ಯಾವ ನಾಟಕಕಾರನಿಗೂ ಹೊಳೆಯಲಿಕ್ಕಿಲ್ಲ.

ಈ ನಾಟಕ ಬರೆದವರಲ್ಲೊಬ್ಬ ಕಾಲಿನ್ ಎಸ್ಕಾಟ್. ಸನ್ ರೆಕಾರ್ಡ್ಸ್‌ನ ಇತಿಹಾಸವನ್ನು ಅವನಷ್ಟು ಬಲ್ಲವರು ಕಡಿಮೆ. ಇನ್ನೊಬ್ಬ ಫ್ಲಾಯ್ಡ್ ಮುಟ್ರಕ್ಸ್. ಹಾಗಾಗಿ ನಾಟಕದಲ್ಲಿ ಇತಿಹಾಸ ಬದಲಾಗಿರುವುದು ಗೊತ್ತಿಲ್ಲದೆ ಆದದ್ದಲ್ಲ. ಜೆರ್ರಿ ಲೀ 1957ರಲ್ಲಿ ರೆಕಾರ್ಡ್ ಮಾಡಿದ ಹಾಡುಗಳು ನಾಟಕದಲ್ಲಿ 1956ರ ಡಿಸೆಂಬರಿಗೇ ಬರುತ್ತವೆ. ಟಿಕೆಟ್ ಕೊಂಡು ಬಂದ ಪ್ರೇಕ್ಷಕರಿಗೆ ಅವು ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಅವುಗಳನ್ನು ಕೇಳುವಾಗ ನನ್ನ ಕಾಲೂ ಸುಮ್ಮನಿರಲಿಲ್ಲ.

ನಾಟಕದ ಬೆನ್ನೆಲುಬು ಸ್ಯಾಮ್ ಫಿಲಿಪ್ಸ್. ಅವನೇ ಪ್ರೇಕ್ಷಕರ ಕಡೆ ತಿರುಗಿ ಕಥೆ ಹೇಳುತ್ತಾನೆ. ಒಬ್ಬೊಬ್ಬನನ್ನು ಹೇಗೆ ಕಂಡುಕೊಂಡೆ ಅಂತ ವಿವರಿಸುತ್ತಾನೆ. ಅವನ ನೋವು ಹಣದ ಕಥೆಯೂ ಹೌದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಣ್ಣ ರೆಕಾರ್ಡ್ ಕಂಪನಿಗೆ ಒಂದು ಹಾಡು ಗೆದ್ದರೆ ಸಂತೋಷದ ಜೊತೆ ಸಂಕಟವೂ ಬರುತ್ತಿತ್ತು. ರೆಕಾರ್ಡ್ ಅಚ್ಚು ಹಾಕುವ ಕಾರ್ಖಾನೆಗೆ ದುಡ್ಡು ಮೊದಲೇ ಕೊಡಬೇಕು. ಅಂಗಡಿಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ಗಳು ದುಡ್ಡು ಕೊಡುವುದು ತಿಂಗಳುಗಟ್ಟಲೆ ತಡ. ಹಾಡು ಎಷ್ಟು ಓಡಿದರೆ ಅಷ್ಟು ಸಾಲ. 1955ರ ನವೆಂಬರ್‌ನಲ್ಲಿ ಫಿಲಿಪ್ಸ್ ಎಲ್ವಿಸ್‌ನ ಒಪ್ಪಂದವನ್ನು ಆರ್‌ಸಿಎಗೆ 35,000 ಡಾಲರ್‌ಗೆ ಮಾರಿದ್ದು ಇಂಥ ಬಿಗಿಯಲ್ಲಿ. ಆಗ ಅದು ತುಂಬ ದೊಡ್ಡ ಮೊತ್ತ. ಆ ದುಡ್ಡಿನಿಂದಲೇ ಅವನು ಪರ್ಕಿನ್ಸ್ ಮತ್ತು ಕ್ಯಾಶ್‌ರನ್ನು ಬೆಳೆಸಿದ. ಪರ್ಕಿನ್ಸ್‌ನ ‘ಬ್ಲೂ ಸ್ವೀಡ್ ಶೂಸ್’ 1956ರ ಶುರುವಿನಲ್ಲೇ ದೇಶವೆಲ್ಲ ಹಬ್ಬಿತು.

ಪರ್ಕಿನ್ಸ್ ಬಗ್ಗೆ ನನಗೆ ಮರುಕ ಜಾಸ್ತಿ. ಆ ಹಾಡು ಉತ್ತುಂಗದಲ್ಲಿದ್ದಾಗ, ಮಾರ್ಚ್ 22ರಂದು, ನ್ಯೂಯಾರ್ಕ್‌ನ ಟಿವಿ ಕಾರ್ಯಕ್ರಮಕ್ಕೆ ಹೊರಟವರ ಕಾರು ಡೆಲವೇರ್‌ನಲ್ಲಿ ಅಪಘಾತಕ್ಕೆ ಸಿಕ್ಕಿತು. ಪರ್ಕಿನ್ಸ್‌ಗೆ ಪೆಟ್ಟಾಯಿತು, ಅಣ್ಣ ಜೇಗೆ ಇನ್ನೂ ಹೆಚ್ಚು. ಪರ್ಕಿನ್ಸ್ ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗ ಅದೇ ಹಾಡನ್ನು ಎಲ್ವಿಸ್ ಟಿವಿಯಲ್ಲಿ ಹಾಡಿದ. ಜನರ ಮನಸ್ಸಿನಲ್ಲಿ ಅದು ಎಲ್ವಿಸ್ ಹಾಡಾಗಿ ಉಳಿಯಿತು. ನಾಟಕದಲ್ಲಿ ಪರ್ಕಿನ್ಸ್ ಈ ಸಿಟ್ಟನ್ನು ಎಲ್ವಿಸ್ ಮುಖಕ್ಕೇ ಹೇಳುತ್ತಾನೆ. ಟೇಪಿನಲ್ಲಿ ಅಂಥ ಸಿಟ್ಟು ನನ್ನ ಕಿವಿಗೆ ಬಿದ್ದಿಲ್ಲ. ಆದರೆ ಮನಸ್ಸಿನಲ್ಲಿ ಇರಲಿಲ್ಲ ಅಂತ ಯಾರು ಹೇಳಬಲ್ಲರು? ಟೇಪಿಗೆ ಸಿಗದ್ದನ್ನು ನಾಟಕ ಹಿಡಿದ ಜಾಗ ಇದು. ಇಂಥ ಕಡೆ ನಾನು ನಾಟಕದ ಪರ.

ಫಿಲಿಪ್ಸ್‌ಗೆ ಆಗುವ ದ್ರೋಹವೂ ಹಾಗೆಯೇ. ಕ್ಯಾಶ್ ಮತ್ತು ಪರ್ಕಿನ್ಸ್ ಸನ್ ಬಿಟ್ಟು ಕೊಲಂಬಿಯಾ ಕಂಪನಿಗೆ ಹೋದದ್ದು 1958ರಲ್ಲಿ. ನಾಟಕ ಆ ಸುದ್ದಿಯನ್ನು ಈ ಮಧ್ಯಾಹ್ನಕ್ಕೇ ಎಳೆದು ತರುತ್ತದೆ. ಇಸವಿ ತಪ್ಪು, ನೋವು ನಿಜ. ಬೆಳೆಸಿದವನ ಕೈಬಿಟ್ಟು ಮಕ್ಕಳು ದೊಡ್ಡ ಕಂಪನಿಗೆ ಹೋಗುವ ಕಥೆ ಸನ್‌ನಲ್ಲಿ ಮತ್ತೆ ಮತ್ತೆ ನಡೆಯಿತು.

ಕ್ಯಾಶ್ ವಿಷಯ ಇನ್ನೊಂದು ಬಗೆ. ನಾಟಕದಲ್ಲಿ ಅವನ ಗಂಭೀರ ದನಿ ಕೋಣೆ ತುಂಬುತ್ತದೆ. ಟೇಪಿನಲ್ಲಿ ಆ ದನಿಯನ್ನು ಗುರುತಿಸುವುದೇ ಕಷ್ಟ. ಫೋಟೋ ತೆಗೆಸಿಕೊಂಡು ಹೊರಟುಹೋದ ಅನ್ನುವವರಿದ್ದಾರೆ. ಕ್ಯಾಶ್ ತನ್ನ ಆತ್ಮಕಥೆಯಲ್ಲಿ ಇದನ್ನು ಒಪ್ಪುವುದಿಲ್ಲ. ತಾನು ಕೊನೆವರೆಗೂ ಇದ್ದೆ, ಮೈಕಿನಿಂದ ದೂರ ನಿಂತಿದ್ದೆ, ಎಲ್ವಿಸ್ ಶ್ರುತಿಗೆ ಹೊಂದಲು ಎಂದಿಗಿಂತ ಮೇಲಿನ ದನಿಯಲ್ಲಿ ಹಾಡಿದೆ ಅನ್ನುತ್ತಾನೆ. ನನಗೆ ಅವನ ಮಾತು ನಂಬಬೇಕು ಅನಿಸುತ್ತದೆ.

ನಾಟಕದ ಕೊನೆಯಲ್ಲಿ ನಿಜವಾದ ಫೋಟೋ ಬರುತ್ತದೆ. ಎಲ್ವಿಸ್ ಪಿಯಾನೋ ಮುಂದೆ, ಉಳಿದ ಮೂವರು ಸುತ್ತ. ಜಗತ್ತಿನಲ್ಲೆಲ್ಲ ಹರಡಿದ ಚಿತ್ರ ಇದು. ಮೂಲ ಫೋಟೋದಲ್ಲಿ ಇನ್ನೊಬ್ಬಳಿದ್ದಾಳೆ. ಪಿಯಾನೋ ಮೇಲೆ ಕೂತಿದ್ದಾಳೆ. ಎಲ್ವಿಸ್ ಜೊತೆ ಬಂದಿದ್ದ ಮರಿಲಿನ್ ಇವಾನ್ಸ್, ಲಾಸ್ ವೇಗಸ್‌ನ ನರ್ತಕಿ. ಮರುಮುದ್ರಣಗಳಲ್ಲಿ ಅವಳಿರುವ ತುದಿಯನ್ನು ಕತ್ತರಿಸುತ್ತಾ ಬಂದರು. ನಾಟಕ ಅವಳ ಜಾಗದಲ್ಲಿ ಡಯಾನ್ ಎಂಬ ಕಾಲ್ಪನಿಕ ಹಾಡುಗಾರ್ತಿಯನ್ನು ತಂದಿದೆ, ಅವಳಿಗೆ ಒಳ್ಳೆಯ ಹಾಡುಗಳನ್ನೂ ಕೊಟ್ಟಿದೆ. ಕೋಣೆಯಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಳು ಅನ್ನುವುದನ್ನಾದರೂ ಅದು ಮರೆಯಲಿಲ್ಲ.

ಆದರೆ ಆ ಕೋಣೆಗೆ ಇವರಿಗಿಂತ ಮೊದಲು ಬಂದ ಕಪ್ಪು ಗಾಯಕರು? 1951ರಲ್ಲಿ ಇಲ್ಲೇ ಜ್ಯಾಕಿ ಬ್ರೆನ್ಸ್ಟನ್ ಮತ್ತು ಐಕ್ ಟರ್ನರ್ ತಂಡ ‘ರಾಕೆಟ್ 88’ ರೆಕಾರ್ಡ್ ಮಾಡಿತ್ತು. ಬರುವಾಗ ಆಂಪ್ಲಿಫೈಯರ್ ಪೆಟ್ಟು ತಿಂದು ಸ್ಪೀಕರ್ ಹರಿದಿತ್ತು. ಫಿಲಿಪ್ಸ್ ಅದರೊಳಗೆ ಕಾಗದ ತುರುಕಿದ. ಹೊರಬಂದ ಗೊರಗೊರ ಸದ್ದನ್ನು ಹಾಗೇ ಉಳಿಸಿಕೊಂಡ. ರಾಕ್ ಅಂಡ್ ರೋಲ್‌ನ ಮೊದಲ ರೆಕಾರ್ಡ್ ಅಂತ ಎಷ್ಟೋ ಜನ ಅದನ್ನೇ ಹೇಳುತ್ತಾರೆ. ಹೌಲಿನ್ ವುಲ್ಫ್ ಇಲ್ಲಿ ಹಾಡಿದ, ಬಿ. ಬಿ. ಕಿಂಗ್ ಇಲ್ಲಿ ಹಾಡಿದ. 1953ರಲ್ಲಿ ಟೆನೆಸಿಯ ಜೈಲಿನಿಂದ ಪ್ರಿಸನೇರ್ಸ್ ಎಂಬ ಕೈದಿಗಳ ತಂಡವನ್ನು ಕಾವಲಿನಲ್ಲಿ ಕರೆತಂದು ಹಾಡಿಸಿದರು. ಅದೇ ವರ್ಷ ಸನ್‌ಗೆ ಮೊದಲ ದೊಡ್ಡ ಗೆಲುವು ತಂದುಕೊಟ್ಟವನು ರೂಫಸ್ ಥಾಮಸ್. ಎಲ್ವಿಸ್ 1954ರಲ್ಲಿ ಇಲ್ಲಿ ಗೆದ್ದ ಮೊದಲ ಹಾಡು ಕೂಡ ಆರ್ಥರ್ ಕ್ರುಡಪ್ ಎಂಬ ಕಪ್ಪು ಗಾಯಕನದು. ಹೊಲದ ಕೆಲಸದ ನಡುವೆ ಕಾರ್ಲ್ ಪರ್ಕಿನ್ಸ್‌ಗೆ ಗಿಟಾರ್ ಹೇಳಿಕೊಟ್ಟವನೂ ಒಬ್ಬ ಕಪ್ಪು ಕೂಲಿಕಾರ. ಎಲ್ವಿಸ್ ಗೆದ್ದ ಮೇಲೆ ಫಿಲಿಪ್ಸ್ ಬಿಳಿಯ ಹುಡುಗರ ಕಡೆ ವಾಲಿದ. ನಮ್ಮನ್ನು ಕೈಬಿಟ್ಟ ಅನ್ನುವ ಕೊರಗನ್ನು ರೂಫಸ್ ಥಾಮಸ್ ಯಾವತ್ತೂ ಮುಚ್ಚಿಡಲಿಲ್ಲ.

ನಾಟಕದಲ್ಲಿ ಇವರ ಹೆಸರು, ಹಾಡು ಅಲ್ಲಲ್ಲಿ ಸುಳಿಯುತ್ತದೆ. ರಂಗದ ಮೇಲೆ ಕಾಲಿಡುವವರು ಮಾತ್ರ ಇವರಲ್ಲಿ ಒಬ್ಬರೂ ಇಲ್ಲ. ಆ ಮಧ್ಯಾಹ್ನ ಅವರು ಅಲ್ಲಿರಲಿಲ್ಲ, ಅದು ಸರಿ. ಆದರೆ ಟೇಪಿನಲ್ಲಿ ಕಪ್ಪು ಗಾಯಕರಿದ್ದಾರೆ. ಚಕ್ ಬೆರ್ರಿಯ ಸಾಲಾಗಿ, ಜ್ಯಾಕಿ ವಿಲ್ಸನ್‌ನ ಉಚ್ಚಾರವಾಗಿ, ಚರ್ಚಿನ ಹಾಡುಗಳ ಲಯವಾಗಿ ಪ್ರತಿ ನಿಮಿಷವೂ ಇದ್ದಾರೆ.

ಅದಾಗಿ ಮೂರೇ ದಿನಕ್ಕೆ, ಡಿಸೆಂಬರ್ 7ರ ಶುಕ್ರವಾರ ರಾತ್ರಿ, ಮೆಂಫಿಸ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಡಬ್ಲ್ಯೂಡಿಐಎ ಎಂಬ ಕಪ್ಪು ಜನರ ರೇಡಿಯೋ ಕೇಂದ್ರ ಬಡ ಮಕ್ಕಳ ಸಹಾಯಕ್ಕೆ ಪ್ರತಿವರ್ಷ ಎಲ್ಲಿಸ್ ಆಡಿಟೋರಿಯಂನಲ್ಲಿ ಗಾಯನ ಸಭೆ ನಡೆಸುತ್ತಿತ್ತು. ಬಿಳಿಯರಿಗೂ ಕಪ್ಪು ಜನರಿಗೂ ಎಲ್ಲದರಲ್ಲೂ ಬೇರೆ ಸಾಲು, ಬೇರೆ ಜಾಗ ಇದ್ದ ಊರು ಅದು. ಆ ಸಭೆಗೆ ಎಲ್ವಿಸ್ ಹೋದ. ರಂಗದ ಪಕ್ಕ ನಿಂತು ಎಲ್ಲರ ಹಾಡು ಕೇಳಿದ. ಕೊನೆಗೆ ರೂಫಸ್ ಥಾಮಸ್ ಅವನ ಕೈ ಹಿಡಿದು ರಂಗಕ್ಕೆ ಕರೆತಂದ. ಸಭೆ ಕುಣಿದು ಕೂಗಿತು. ಅವತ್ತು ಎಲ್ವಿಸ್ ಮತ್ತು ಬಿ. ಬಿ. ಕಿಂಗ್ ಪಕ್ಕಪಕ್ಕ ನಿಂತ ಫೋಟೋವನ್ನು ಅರ್ನೆಸ್ಟ್ ವಿದರ್ಸ್ ತೆಗೆದ. ಇಬ್ಬರೂ ಅದೇ 706, ಯೂನಿಯನ್ ಅವೆನ್ಯೂದಲ್ಲಿ ಹಾಡಿ ಬೆಳೆದವರು.

ಆ ಶುಕ್ರವಾರವನ್ನು ಯಾರಾದರೂ ರಂಗಕ್ಕೆ ತರಬೇಕು ಅನ್ನುವುದು ನನ್ನ ದೊಡ್ಡ ಆಸೆ. ಹಾಡೂ ಕುಣಿತವೂ ನಗುವೂ ಒಟ್ಟಿಗೆ ಬರುವ ನಟ ಬೇಕು ರೂಫಸ್ ಥಾಮಸ್‌ಗೆ. ಬಿ. ಬಿ. ಕಿಂಗ್ ಪಾತ್ರ ಮಾಡುವವನಿಗೆ ಆ ಗಿಟಾರ್ ನಿಜವಾಗಿ ಬರಬೇಕು. ಎಲ್ವಿಸ್ ಪಾತ್ರ ಮಾತ್ರ ಸುಲಭ. ಅವನು ಅವತ್ತು ಹಾಡಲಿಲ್ಲ. ಪಕ್ಕದಲ್ಲಿ ನಿಂತು ಕೇಳಿದ ಅಷ್ಟೇ. ಅಂಥ ನಾಟಕ ಬಂದರೆ ನಾನು ಮೊದಲ ಪ್ರದರ್ಶನಕ್ಕೇ ಟಿಕೆಟ್ ತೆಗೆದುಕೊಳ್ಳುತ್ತೇನೆ.